ಹೂಂರಾಯನ ಹೆಬ್ಬೆಟ್ಟು

ಅರ್ಥವಾಗದ ಮಾತಿಗೆ ಹೂಂ ಎನ್ನುವ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ತಲೆ ಎಷ್ಟು ಅಲ್ಲಾಡಬೇಕು, ಹುಬ್ಬು ಯಾವಾಗ ಮೇಲೇಳಬೇಕು, ಎದುರಿನವರ ಮಾತು ಮುಗಿಯುವುದಕ್ಕೆ ಎಷ್ಟು ಮೊದಲೇ ಹೂಂ ಹೊರಡಬೇಕು ಎಂಬುದಕ್ಕೆಲ್ಲ ಒಂದು ಹದವಿದೆ. ನಮ್ಮ ಹುಡುಗ ಆ ಹದವನ್ನು ಒಂದನೇ ತರಗತಿಯಲ್ಲೇ ಕರಗತ ಮಾಡಿಕೊಂಡು, ಅದೊಂದರ ಬಲದಿಂದಲೇ ಕಾಲೇಜಿನ ಕೊನೆಯ ವರ್ಷದವರೆಗೆ ಬಂದು ಮುಟ್ಟಿದ್ದ. ಮೇಷ್ಟರು ಗೊತ್ತಾಯಿತಾ ಎಂದರೆ ಹೂಂ. ಡಾಕ್ಟರು ಮಾತ್ರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳಿದರೆ ಹೂಂ. ಮನೆಗೆ ಬಂದ ಮೇಲೆ ಅಮ್ಮ, ಯಾವುದು ಊಟಕ್ಕೆ ಮುಂಚೆಯಂತೋ ಎಂದು ಕೇಳಿದರೆ ಅದಕ್ಕೂ ಹೂಂ. ಅಜ್ಜಿ ಬದುಕಿದ್ದಾಗಲೇ ಅವನಿಗೆ ಹೂಂರಾಯ ಎಂದು ನಾಮಕರಣ ಮಾಡಿ ಹೋಗಿದ್ದಳು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿತ್ತು. ಅದನ್ನು ಹಿಡಿದು ಕೂಗಿದರೆ ಅವನು ತಿರುಗಿ ನೋಡುತ್ತಿರಲಿಲ್ಲ.

ಆ ವರ್ಷ ಕಾಲೇಜಿನವರು ಹೊಸದೊಂದು ಹುಳ ಬಿಟ್ಟರು. ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾವುದಾದರೂ ಕಂಪನಿಗೆ ಹೋಗಿ, ಒಂದು ವಾರ, ದಿನಕ್ಕೊಂದು ವಿಭಾಗದಂತೆ, ಕೆಲಸ ಮಾಡುವವರ ಬೆನ್ನ ಹಿಂದೆ ನೆರಳಿನ ಹಾಗೆ ತಿರುಗಬೇಕು. ಮಾತಾಡುವಂತಿಲ್ಲ, ಕೆಲಸ ಮಾಡುವಂತಿಲ್ಲ, ನೋಡಿ ಕಲಿಯಬೇಕು. ಇದಕ್ಕೆ ನೆರಳು ವಾರ ಎಂದು ಹೆಸರು. ಹೂಂರಾಯನಿಗೆಂದೇ ಯಾರೋ ಕೂತು ಯೋಚಿಸಿ ಮಾಡಿದಂತಿತ್ತು.

ಜಾಗ ಕೊಡಿಸಿದವಳು ಅಕ್ಕ. ಅವಳು ಸಾಫ್ಟ್‌ವೇರ್ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿದ್ದಳು; ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಮನೆ ನಡೆಯುತ್ತಿದ್ದುದು ಅವಳ ಸಂಬಳದಿಂದ, ಮತ್ತು ಆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ಎಂಬುದು ಅದೇ ವಾರ ಶುಕ್ರವಾರ ತೀರ್ಮಾನವಾಗಬೇಕಿತ್ತು. ಅಂಥ ವಾರದಲ್ಲಿ ತಮ್ಮನನ್ನು ಕರೆದುಕೊಂಡು ಹೋಗುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾವ ಕಂಪನಿಯೂ ಅವನನ್ನು ಸೇರಿಸಿಕೊಂಡಿರಲಿಲ್ಲ, ನೆರಳು ವಾರ ಮುಗಿಸದಿದ್ದರೆ ಪದವಿ ಇಲ್ಲ. ಸೋಮವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಅವನಿಗೆ ಬುದ್ಧಿ ಹೇಳಿದಳು.

"ಏನೂ ಮುಟ್ಟಬೇಡ. ಏನೂ ಕೇಳಬೇಡ. ಗೊತ್ತಾಯ್ತಾ ಅಂತ ಯಾರಾದ್ರೂ ಕೇಳಿದ್ರೆ..."

"ಹೂಂ ಅಂತೀನಿ."

"ಅದೊಂದನ್ನ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ," ಎಂದು ಅಕ್ಕ ಕಿಟಕಿಯ ಕಡೆ ತಿರುಗಿದಳು.

ಆ ಕಂಪನಿ ಬಾಗಿಲುಗಳ ಕಂಪನಿ. ದೊಡ್ಡ ದೊಡ್ಡ ವಸತಿ ಕಟ್ಟಡಗಳ ಗೇಟಿಗೆ ಅವರು ಸುತ್ತುವ ಗಾಜಿನ ಪಂಜರವೊಂದನ್ನು ಕೂರಿಸುತ್ತಿದ್ದರು. ಒಂದು ಸಲಕ್ಕೆ ಒಬ್ಬರು. ಪಂಜರದೊಳಗಿನ ಕ್ಯಾಮೆರಾ ಮುಖ ನೋಡಿ, ಈ ಕಟ್ಟಡದವರು ಹೌದೋ ಅಲ್ಲವೋ ಎಂದು ತೀರ್ಮಾನಿಸಿ, ಸುತ್ತುತ್ತಿತ್ತು ಇಲ್ಲವೇ ಸುತ್ತುತ್ತಿರಲಿಲ್ಲ. ಜೊತೆಗೆ ಒಂದು ಹೆಣ್ಣುದನಿ ಮಾತಾಡುತ್ತಿತ್ತು; ಒಳಗಿನ ಲಿಫ್ಟಿಗೂ ಮನೆ ಬಾಗಿಲಿಗೂ ಅದೇ ಕ್ಯಾಮೆರಾ, ಅದೇ ದನಿ. ಹೂಂರಾಯ ಇದ್ದ ಕಟ್ಟಡದ ಗೇಟಿಗೂ ಇದೇ ಪಂಜರ. ಕಂಪನಿಯ ಕಚೇರಿಗೂ ಇದೇ ಪಂಜರ; ತಾವು ಮಾರುವ ಬಾಗಿಲನ್ನು ತಾವೇ ದಾಟಬೇಕು ಎಂಬುದು ಕಂಪನಿಯ ಒಡತಿಯ ನಿಯಮ. ಅವರನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು.

ಅಮ್ಮ ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೇ ನಿಂತುಬಿಡುತ್ತಿತ್ತು. ಅವಳು ಸೋಮವಾರ ಸಂಜೆಯೊಳಗೆ, ನನ್ನ ಇಬ್ಬರೂ ಮಕ್ಕಳು ಈಗ ಗೇಟಿನ ಕಂಪನಿಯಲ್ಲೇ ಇದ್ದಾರೆ ಎಂದು ಮೇಲಿನಿಂದ ಕೆಳಗಿನವರೆಗೆ ಎಲ್ಲ ಮಹಡಿಗೂ ಸುದ್ದಿ ಮುಟ್ಟಿಸಿದಳು. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಕಟ್ಟಡದ ಸಂಘದ ಕಾರ್ಯದರ್ಶಿ. ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಇನ್ನೂ ಕೊರಳಲ್ಲಿ ಸೀಟಿ ಹಾಕಿಕೊಂಡೇ ಮೆಟ್ಟಿಲು ಇಳಿಯುವವರು. ಅವರು ಹೂಂರಾಯನನ್ನು ಲಿಫ್ಟಿನ ಬಳಿ ತಡೆದರು. ಮೂರನೇ ಮಹಡಿಯ ಬಾಡಿಗೆಯವನು ಮನೆ ಖಾಲಿ ಮಾಡಿ ಎಷ್ಟೋ ಕಾಲವಾಯಿತು. ಆದರೂ ಗೇಟು ಅವನನ್ನು ಅಳಿಯನ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಬಂದು, ಮೇಲಿನ ತಾರಸಿಯಲ್ಲಿ ವ್ಯಾಯಾಮ ಮಾಡಿ, ನಲ್ಲಿಯಲ್ಲಿ ಮುಖ ತೊಳೆದು ಹೋಗುತ್ತಾನೆ. ಖಾಲಿ ಮಾಡಿದವರನ್ನು ಒಳಗೆ ಬಿಡದ ಹಾಗೆ ನಿಮ್ಮ ಕಂಪನಿಯವರು ಏನಾದರೂ ಮಾಡಬೇಕಪ್ಪ, ನೀನು ಒಳಗಿನವನು, ಮಾಡಿಸುತ್ತೀಯಾ ಎಂದು ಕೇಳಿದರು.

ನಾನು ಒಳಗಿನವನಲ್ಲ ಅಂಕಲ್, ನೆರಳು ಎಂದು ಹೇಳಬೇಕಿತ್ತು. ಅವನು ಹೂಂ ಎಂದ.

ವಾರ ಸರಾಗವಾಗಿ ಉರುಳಿತು. ಮಾರಾಟ ವಿಭಾಗದಲ್ಲಿ ಅಲ್ಲಿನ ಮ್ಯಾನೇಜರು ದಿನವಿಡೀ ಫೋನಿನಲ್ಲಿ, ನಮ್ಮ ಬಾಗಿಲು ಒಮ್ಮೆ ನೋಡಿದ ಮುಖ ಮರೆಯಲ್ಲ ಸಾರ್, ನನ್ನ ಹೆಂಡತಿಯೇ ಒಮ್ಮೊಮ್ಮೆ ಮರೀತಾಳೆ ಎಂದು ಒಂದೇ ತಮಾಷೆಯನ್ನು ಬೇರೆ ಬೇರೆಯವರಿಗೆ ಮಾರಿದರು. ವಿನ್ಯಾಸ ವಿಭಾಗದಲ್ಲಿ, ಮನೆ ಖಾಲಿ ಮಾಡಿದವರು ಗೇಟಿಗೆ ಬಂದರೆ ಹೆಣ್ಣುದನಿ ಏನು ಹೇಳಬೇಕು ಎಂಬ ಬಗ್ಗೆ ಬೆಳಗಿನಿಂದ ಸಂಜೆಯವರೆಗೆ ಚರ್ಚೆ ನಡೆಯಿತು. ಮುಖಕ್ಕೆ ಹೊಡೆದ ಹಾಗಿರಬಾರದು, ಬಾಂಧವ್ಯ ಉಳಿಯಬೇಕು ಎಂದು ಒಬ್ಬಳು ಕಣ್ಣಲ್ಲಿ ನೀರು ತಂದುಕೊಂಡು ವಾದಿಸಿ ಗೆದ್ದಳು. ದೂರು ವಿಭಾಗದಲ್ಲಿ ಎಲ್ಲರೂ, ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಹೇಳುತ್ತಿದ್ದರು. ಅಲ್ಲಿ ಹೂಂರಾಯನಿಗೆ ತವರಿಗೆ ಬಂದ ಹಾಗಾಯಿತು.

ಗುರುವಾರ ಪ್ರೋಗ್ರಾಂ ಬರೆಯುವವರ ವಿಭಾಗ. ಅಲ್ಲಿ ಅವನನ್ನು ಒಬ್ಬ ಪ್ರೋಗ್ರಾಮರನ ಬೆನ್ನಿಗೆ ಬಿಟ್ಟರು. ಊಟಕ್ಕೂ ಹೆಡ್‌ಫೋನ್ ತೆಗೆಯದ ಆಸಾಮಿ. ಇಡೀ ಕಚೇರಿ ಅವನನ್ನು ಕರೆಯುತ್ತಿದ್ದುದೇ ಹೆಡ್‌ಫೋನ್ ಎಂದು. ಅವನು ತನ್ನ ಸಂಗೀತಕ್ಕಿಂತ ಜೋರಾಗಿ ಕೇಳಿಸಲೆಂದು ಕಿರುಚುತ್ತ ಕಂಪನಿಯ ಒಂದು ಪದ್ಧತಿಯನ್ನು ವಿವರಿಸಿದ. ಯಾರು ಏನೇ ಬದಲಾವಣೆ ಬರೆದರೂ ಅದು ನೇರವಾಗಿ ಬಾಗಿಲುಗಳಿಗೆ ಹೋಗುವುದಿಲ್ಲ. ಎರಡು ಒಪ್ಪಿಗೆ ಬೇಕು. ಒಂದು ಬರೆದವರ ವಿಭಾಗದ್ದು, ಇನ್ನೊಂದು ಪರೀಕ್ಷಾ ವಿಭಾಗದ್ದು. ಒಪ್ಪಿಗೆ ಎಂದರೆ ಪರದೆಯ ಮೂಲೆಯಲ್ಲಿರುವ ಹೆಬ್ಬೆಟ್ಟಿನ ಚಿತ್ರವನ್ನು ಒತ್ತುವುದು. ಎರಡನೇ ಹೆಬ್ಬೆಟ್ಟು ಬಿದ್ದ ಕ್ಷಣ, ಊರಿನ ಎಲ್ಲ ಗೇಟುಗಳಲ್ಲೂ ಬದಲಾವಣೆ ಜಾರಿ. ಗೊತ್ತಾಯಿತಾ ಎಂದು ಅವನು ಕಿರುಚಿದ.

ಹೂಂರಾಯ ಏನೆಂದನೆಂದು ಹೇಳಬೇಕಾಗಿಲ್ಲ. ಅವನು ಆ ಹೊತ್ತಿಗೆ ಬೇರೆಯೇ ಒಂದು ತೀರ್ಮಾನಕ್ಕೆ ಬಂದಿದ್ದ. ಸೋಮವಾರದಿಂದ ಅವನು ನೋಡಿದ್ದನಲ್ಲ: ಯಾರೇ ಏನೇ ಕಳಿಸಲಿ, ಟೀ ಬಂತು ಎಂದು ಬರೆಯಲಿ, ನನಗೆ ತಲೆನೋವು ಎಂದು ಬರೆಯಲಿ, ಉಳಿದವರೆಲ್ಲ ಟಪಟಪ ಹೆಬ್ಬೆಟ್ಟು ಒತ್ತುತ್ತಿದ್ದರು. ಓದಿದ ಮೇಲೆ ಒತ್ತಿದವರನ್ನು ಅವನು ಕಾಣಲಿಲ್ಲ. ಎದುರು ಸಿಕ್ಕವರನ್ನು ನೋಡಿ ಒಂದು ಸಲ ನಗುವ ಹಾಗೆ ಇದೊಂದು ಮರ್ಯಾದೆ ಇರಬೇಕು ಎಂದುಕೊಂಡ. ಹಿಂದೆ ಓದಲು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಓದು ಬಲ್ಲವರು ಓದದೆ ಒತ್ತುತ್ತಾರೆ. ನಾಗರಿಕತೆ ಸುತ್ತು ಹೊಡೆದು ಅಲ್ಲಿಗೇ ಬಂದು ನಿಲ್ಲುವುದೆಂದರೆ ಹೀಗೆ.

ಶುಕ್ರವಾರ ಅಕ್ಕನ ಪರೀಕ್ಷಾ ವಿಭಾಗ. ಕೆಳಮಹಡಿಯ ಉದ್ದನೆಯ ಕೋಣೆಯ ಕೊನೆಯ ಸಾಲು; ತಲೆ ಎತ್ತಿದರೆ ಗಾಜಿನ ಗೋಡೆಯ ಆಚೆಗೆ ಬೀದಿ, ಈಚೆಗೆ ಸುತ್ತುವ ಪಂಜರ. ಮಧ್ಯಾಹ್ನ ಊಟದ ಹೊತ್ತಿಗೆ ಸಾಲಿಗೆ ಸಾಲೇ ಎದ್ದು ಹೋಯಿತು. ಅಕ್ಕನಿಗೆ ಮೇಡಂನಿಂದ ಕರೆ ಬಂತು. ಮುಖ್ಯವಾದ ಮಾತನ್ನು ಮೇಡಂ ಕಚೇರಿಯೊಳಗೆ ಆಡುವವರಲ್ಲ. ಎದುರು ಬೀದಿಯ ಕಾಫಿ ಅಂಗಡಿಗೆ ಕರೆದೊಯ್ದು ಹೇಳುತ್ತಿದ್ದರು. ಕೆಲಸ ಹೋದವರೂ ಅಲ್ಲೇ ಕಾಫಿ ಕುಡಿದಿದ್ದರು, ಉಳಿದವರೂ ಅಲ್ಲೇ. ಅಕ್ಕನ ಮುಖ ಬಿಳಿಚಿಕೊಂಡಿತು. ಕೂದಲು ಸರಿಮಾಡಿಕೊಂಡಳು, ಮತ್ತೆ ಕೆಡಿಸಿಕೊಂಡಳು. ಹೋಗುವ ಅವಸರದಲ್ಲಿ ಅವಳು ಮಾಡಬಾರದ ಒಂದು ಕೆಲಸ ಮಾಡಿದಳು: ತಮ್ಮನಿಗೆ ಹೊತ್ತು ಹೋಗಲಿ ಎಂದು ತನ್ನ ಮೇಜಿನ ಕಂಪ್ಯೂಟರನ್ನು ತನ್ನ ಹೆಸರಿನಲ್ಲೇ ತೆರೆದು, ಬರೀ ನೋಡ್ತಾ ಇರು ಎಂದು ಅವನನ್ನು ಅದರ ಮುಂದೆ ಕೂರಿಸಿ ಹೋದಳು. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಕೂರುವುದು ಆ ಕಂಪನಿಯಲ್ಲಿ ಕೆಲಸ ಕಳೆದುಕೊಳ್ಳುವಷ್ಟು ದೊಡ್ಡ ತಪ್ಪು.

ಅವಳು ಪಂಜರ ದಾಟಿ ಬೀದಿಗೆ ಇಳಿದಳೋ ಇಲ್ಲವೋ, ಪರದೆಯ ಮೇಲೆ ಹೆಡ್‌ಫೋನಿನ ಸಂದೇಶ ಮೂಡಿತು. ಮೇಲುಗಡೆ ದಪ್ಪಕ್ಷರದಲ್ಲಿ, ಮನೆ ಖಾಲಿ ಮಾಡಿದವರಿಗೆ ಪ್ರವೇಶ ರದ್ದು ಎಂದಿತ್ತು. ಕೆಳಗೆ ಏನೇನೋ ಸಾಲುಗಳು. ಅದರ ಕೆಳಗೆ ಆಗಲೇ ಬಿದ್ದಿದ್ದ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ಖಾಲಿ ಇದ್ದ ಇನ್ನೊಂದು.

ಹೂಂರಾಯನ ಎದೆ ಅರಳಿತು. ಗಾರ್ಡ್ ಅಂಕಲ್ ಕೇಳಿದ್ದು ಇದನ್ನೇ ಅಲ್ಲವೇ? ಅವನು ಯಾರಿಗೂ ಏನೂ ಹೇಳದೆಯೇ ಕೆಲಸ ತಾನಾಗಿ ನಡೆದುಬಿಟ್ಟಿದೆ. ಮರ್ಯಾದೆಗೆ ಒಂದು ಹೆಬ್ಬೆಟ್ಟು ಒತ್ತಿದ. ಆಮೇಲೆ, ಒಳಗಿನವನು ಎನ್ನಿಸಿಕೊಳ್ಳಲು ಇದ್ದ ಒಂದೇ ಒಂದು ಅವಕಾಶವನ್ನು ಬಿಡಬಾರದೆಂದು, ಕಾರ್ಯದರ್ಶಿಗಳ ಫೋನಿಗೆ, ಅಂಕಲ್, ನಿಮ್ಮ ಕೆಲಸ ಮಾಡಿಸಿದೀನಿ, ಗೇಟ್ ಹತ್ರ ಹೋಗಿ ನೋಡಿ ಎಂದು ಬರೆದು ಕಳಿಸಿದ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಊಟಕ್ಕೆ ಹೋದವರು ಒಬ್ಬೊಬ್ಬರಾಗಿ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬೀದಿ ದಾಟಿ ಬಂದರು. ಮೊದಲನೆಯವನು ಪಂಜರ ಹೊಕ್ಕ. ಪಂಜರ ಸುತ್ತಲಿಲ್ಲ. ಅವನನ್ನು ಹಿಂದಕ್ಕೆ ಬೀದಿಗೇ ಬಿಟ್ಟು, ಹೆಣ್ಣುದನಿ ಬೆಣ್ಣೆಯಂತೆ ನುಡಿಯಿತು: "ನೀವು ಈ ಮನೆ ಖಾಲಿ ಮಾಡಿದ್ದೀರಿ. ನಿಮ್ಮ ಹೊಸ ಮನೆಯಲ್ಲಿ ಶುಭವಾಗಲಿ."

ಎರಡನೆಯವಳಿಗೂ ಅದನ್ನೇ ಹೇಳಿತು. ಮೂರನೆಯವನು ಗಾಜಿಗೆ ಮುಖ ಒತ್ತಿ ಮೂಗು ಚಪ್ಪಟೆ ಮಾಡಿಕೊಂಡ. ಅವನಿಗೂ ಶುಭ ಕೋರಿತು. ಒಳಗಿದ್ದ ಕಾವಲುಗಾರ ನಗುತ್ತ, ತೆಗೀತೀನಿ ಇರಿ ಎಂದು ಪಂಜರದೊಳಕ್ಕೆ ಹೋದ. ಪಂಜರ ಅವನನ್ನು ಸಂತೋಷವಾಗಿ ಹೊರಗೆ ಬಿಟ್ಟಿತು. ವಾಪಸು ಬರಲು ತಿರುಗಿದರೆ ಅವನೂ ಮನೆ ಖಾಲಿ ಮಾಡಿದವನಾಗಿದ್ದ. ಅವನನ್ನು ಬಿಡಿಸಲು ಮಾರಾಟದ ಮ್ಯಾನೇಜರು ಹೋದರು. ಒಮ್ಮೆ ನೋಡಿದ ಮುಖ ಮರೆಯದ ಬಾಗಿಲು ಅವರ ಮುಖವನ್ನು ಎರಡು ಸಲ ನೋಡಿ, ಎರಡು ಸಲವೂ ಬೀಳ್ಕೊಟ್ಟಿತು. ಬೆಂಕಿ ಬಿದ್ದಾಗ ಓಡುವ ಬಾಗಿಲು ಒಂದಿತ್ತು. ಅದೂ ಪಕ್ಕದ ಗೋಡೆಯಲ್ಲಿ ಅದೇ ಕಂಪನಿಯ ಇನ್ನೊಂದು ಪಂಜರ. ಅದರಿಂದ ಇಬ್ಬರು ಹೊರಗೆ ಹೋದರು, ಅಷ್ಟೇ.

ಆಗ ಮೇಡಂ ಮತ್ತು ಅಕ್ಕ ಕಾಫಿ ಅಂಗಡಿಯಿಂದ ಬಂದರು. ಅಕ್ಕನ ಮುಖ ಹೊಳೆಯುತ್ತಿದ್ದುದು ಗಾಜಿನ ಈಚೆಗೂ ಕಾಣುತ್ತಿತ್ತು. ಮೇಡಂ ಪಂಜರ ಹೊಕ್ಕರು. ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಹೆಣ್ಣುದನಿ ಸಂಬಳ ಕೊಡುವವರೆಂದು ಲೆಕ್ಕಿಸದೆ ಅವರ ಹೊಸ ಮನೆಗೂ ಶುಭ ಕೋರಿತು.

ಹೂಂರಾಯನ ಫೋನು ಗುಂಯ್‌ಗುಟ್ಟಿತು. ಅಮ್ಮ.

"ಲೋ, ದಾರ ತರೋಕೆ ಹೋಗಿ ಬಂದೆ ಕಣೋ. ಗೇಟು ಹೊಸ ಮನೆಗೆ ಶುಭವಾಗಲಿ ಅಂತಿದೆ. ಅಕ್ಕ ನಂಗೆ ಹೇಳ್ದೆ ಏನಾದ್ರೂ ಮನೆ ನೋಡಿದಾಳಾ?"

ಅಮ್ಮ ಉತ್ತರಕ್ಕೆ ಕಾಯಲಿಲ್ಲ. ಅಕ್ಕ ಈಗ ತಾನೇ ಫೋನ್ ಮಾಡಿದ್ದಳಂತೆ. ಕೆಲಸ ಖಾಯಂ ಆಯಿತಂತೆ, ಸೋಮವಾರ ಕಾಗದ ಕೊಡುತ್ತಾರಂತೆ, ಮೇಡಂ ಸ್ವಂತ ಬಾಯಲ್ಲಿ ಹೇಳಿದರಂತೆ. ಕಟ್ಟಡದವರಿಗೆಲ್ಲ ಸುದ್ದಿ ಹೇಳಿಬಿಟ್ಟೆ, ಹೇಗೂ ಎಲ್ಲರೂ ಇಲ್ಲೇ ಗೇಟಿನ ಹೊರಗೆ ನಿಂತಿದ್ದಾರಲ್ಲ ಎಂದಳು. ಅಷ್ಟರಲ್ಲಿ ಫೋನನ್ನು ಯಾರೋ ಕಿತ್ತುಕೊಂಡರು.

"ಏನಪ್ಪಾ ಮಾಡ್ಸಿದೀಯ ನೀನು?" ಕಾರ್ಯದರ್ಶಿಗಳ ದನಿ. "ಹೋಗಿ ನೋಡಿ ಅಂದ್ಯಲ್ಲ, ನೋಡೋಣ ಅಂತ ಒಂದು ಹೆಜ್ಜೆ ಹೊರಗೆ ಇಟ್ಟೆ. ಈ ಕಟ್ಟಡಕ್ಕೆ ಪಾಯ ತೆಗೆದಾಗ ಪಕ್ಕದಲ್ಲಿ ನಿಂತಿದ್ದೋನು ನಾನು. ನನ್ನನ್ನೇ ಖಾಲಿ ಮಾಡ್ಸಿದೀಯಲ್ಲ."

"ಅಂಕಲ್, ಆ ಮೂರನೇ ಮಹಡಿಯವರು..."

"ಅವನು ಬೆಳಗ್ಗೆಯಿಂದ ಒಳಗೇ ಇದಾನಪ್ಪ. ತಾರಸಿ ಮೇಲಿಂದ ನನಗೆ ಕೈ ಬೀಸ್ತಿದಾನೆ."

ಈಗ ಹೂಂರಾಯ ಪರದೆಯ ಕಡೆ ತಿರುಗಿ, ತಾನು ಒತ್ತಿದ್ದ ಹೆಬ್ಬೆಟ್ಟನ್ನು ನೋಡಿದ. ಅದರ ಪಕ್ಕದಲ್ಲಿ ಅಕ್ಕನ ಹೆಸರಿತ್ತು. ಹೆಡ್‌ಫೋನು ಗುರುವಾರ ಕಿರುಚಿ ಹೇಳಿದ್ದೆಲ್ಲ, ಒಂದು ದಿನ ತಡವಾಗಿ, ಒಂದೊಂದೇ ಪದವಾಗಿ ಅವನ ಕಿವಿಗೆ ಬಂದು ಬಿತ್ತು.

ದೂರು ವಿಭಾಗದಲ್ಲಿ ಎಲ್ಲ ಫೋನುಗಳೂ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಟವೆಲು ಸುತ್ತಿಕೊಂಡು ಕಸದ ಚೀಲ ಹಾಕಲು ಗೇಟಿನಾಚೆ ಹೋದವನೊಬ್ಬ ಟವೆಲಿನಲ್ಲೇ ನಿಂತಿದ್ದ. ಒಬ್ಬ ಹೆಂಗಸಿನ ಒಲೆಯ ಮೇಲೆ ಹಾಲಿತ್ತು. ಇನ್ನೊಬ್ಬರು ಗಂಡನೊಡನೆ ಜಗಳವಾಡಿ ಹೊರಗೆ ಹೋದವರು, ರಾಜಿಯಾಗಲು ಬಂದಾಗ ಗೇಟೇ ಹೊಸ ಮನೆಗೆ ಶುಭ ಕೋರಿದ್ದನ್ನು ಕೇಳಿ, ಇದು ಗಂಡನದೇ ಕೆಲಸವೆಂದು ವಕೀಲರಿಗೆ ಫೋನ್ ಮಾಡಿದ್ದರು. ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರೊಬ್ಬರು, ತಾವು ಬಾಗಿಲು ಒಡೆಯಲು ಬಂದಿರುವುದಾಗಿಯೂ ಆದರೆ ಒಡೆಯಬೇಕಾದದ್ದು ತಮ್ಮದೇ ಮನೆಯ ಗೇಟೆಂದೂ ತಿಳಿಸಿದರು. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಹೇಳಲು ದೂರು ವಿಭಾಗದಲ್ಲಿ ಉಳಿದಿದ್ದವಳು ಒಬ್ಬಳೇ.

ಹೆಡ್‌ಫೋನು ತನ್ನ ಮೇಜಿನಲ್ಲಿ ಬೆವರುತ್ತ ಕೂತಿದ್ದ. ಮೊದಲ ಬಾರಿಗೆ ಹೆಡ್‌ಫೋನು ಅವನ ಕೊರಳಿಗೆ ಇಳಿದಿತ್ತು. ಅವನ ಕಿವಿಗಳನ್ನು ಅಂದೇ ಎಲ್ಲರೂ ನೋಡಿದ್ದು. ಗಾಜಿನ ಆಚೆಯಿಂದ ಮೇಡಂ ಫೋನಿನಲ್ಲಿ ಅವನೊಡನೆ ಮಾತಾಡುತ್ತಿದ್ದರು. ಅವರಿಗೆ ಒಂದು ಅಭ್ಯಾಸ: ಸಿಟ್ಟು ಏರಿದಷ್ಟೂ ದನಿ ಇಳಿಯುತ್ತಿತ್ತು. ಈಗ ಅವರ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ತಪ್ಪು ಸಿಕ್ಕಿದೆ ಮೇಡಂ, ಹೊರಗೆ ಹೋದವರನ್ನೆಲ್ಲ ಖಾಲಿ ಮಾಡಿದವರು ಅಂತ ಬಾಗಿಲು ತಿಳಕೊಂಡಿದೆ, ಒಂದೇ ಒಂದು ಸಾಲು, ಸರಿ ಮಾಡಿ ಹೆಬ್ಬೆಟ್ಟೂ ಒತ್ತಿದೀನಿ, ಪರೀಕ್ಷೆಯವರ ಹೆಬ್ಬೆಟ್ಟು ಒಂದು ಬಿದ್ದರೆ ಆಯಿತು ಎಂದು ಅವನು ಒದರಿದ.

ಪರೀಕ್ಷೆಯವರೆಲ್ಲ ಹೊರಗಿದ್ದರು. ಹೊರಗಿದ್ದ ಸಿಬ್ಬಂದಿಯ ಫೋನಿನ ಖಾತೆಗಳನ್ನೂ ಆ ಬದಲಾವಣೆ ಮುಚ್ಚಿಹಾಕಿತ್ತು. ಖಾಲಿ ಮಾಡಿ ಹೋದವರಿಗೆ ಖಾತೆ ಯಾತಕ್ಕೆ? ಪರೀಕ್ಷಾ ವಿಭಾಗದವರು ಮೊದಲೇ ತೆರೆದಿಟ್ಟಿದ್ದ ಖಾತೆ ಇಡೀ ಕಚೇರಿಯಲ್ಲಿ ಒಂದೇ ಒಂದು ಉಳಿದಿತ್ತು. ಅದರ ಮುಂದೆ ಹೂಂರಾಯ ಕೂತಿದ್ದ.

ಅವನ ಕೈ ತಾನಾಗಿಯೇ ಕಂಪ್ಯೂಟರಿನ ಗುಂಡಿಯ ಮೇಲೆ ಹೋಯಿತು. ಆರಿಸಿಬಿಟ್ಟರೆ ಮುಗಿಯಿತು. ಅವಸರದಲ್ಲಿ ಅಕ್ಕ ಸರಿಯಾಗಿ ಓದದೆ ಒತ್ತಿ ಹೋದಳು ಎಂದಾಗುತ್ತದೆ. ಓದದೆ ಒತ್ತುವುದು ಇಲ್ಲಿ ಎಲ್ಲರೂ ಮಾಡುವುದೇ, ಬೈದು ಬಿಡಬಹುದು. ಈಗ ಒತ್ತಿದರೆ? ಅಕ್ಕ ಮೇಡಂನ ಭುಜದ ಪಕ್ಕದಲ್ಲೇ ನಿಂತಿರುವಾಗ ಅವಳ ಹೆಸರಿನ ಹೆಬ್ಬೆಟ್ಟು ಒಳಗಿನಿಂದ ಬೀಳುತ್ತದೆ. ಅದಕ್ಕೆ ಯಾವ ಸಬೂಬು ಹೇಳಿದರೂ ನಡೆಯುವುದಿಲ್ಲ.

ತಲೆ ಎತ್ತಿದ. ಅಕ್ಕ ಗಾಜಿನ ಆಚೆಯಿಂದ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು. ಯಾರಿಗೂ ಕಾಣದಷ್ಟು ಸಣ್ಣದಾಗಿ ತಲೆ ಅಲ್ಲಾಡಿಸಿದಳು: ಬೇಡ.

ಅವಳ ಹಿಂದೆ, ಬೀದಿಯಲ್ಲಿ, ಜನ ಸೇರುತ್ತಿದ್ದರು. ಟವೆಲಿನವನು ಯಾವುದೋ ಆಟೋ ಹಿಡಿದು ಕಚೇರಿಗೇ ಬಂದುಬಿಟ್ಟಿದ್ದ. ಹಾಲು ಉಕ್ಕಿ ಒಲೆ ಆರಿ ಅನಿಲ ಹರಡಿದರೆ ಏನು ಗತಿ ಎಂದು ದೂರು ವಿಭಾಗದವಳು ಅಳುತ್ತ ಹೇಳುವುದು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಅಮ್ಮ ಒಲೆ ಆರಿಸಿ ಹೋಗಿದ್ದಳೋ ಇಲ್ಲವೋ ಹೂಂರಾಯ ಕೇಳಿರಲಿಲ್ಲ.

"ಅಣ್ಣಾ," ಎಂದು ಎದ್ದು ನಿಂತ. ಹೂಂ ಬಿಟ್ಟರೆ, ಐದು ದಿನದಲ್ಲಿ ಆ ಕಚೇರಿ ಕೇಳಿದ ಅವನ ಮೊದಲ ಮಾತು ಅದು. "ಅಕ್ಕನ ಖಾತೆ ಇಲ್ಲಿ ತೆರೆದೇ ಇದೆ."

ಹೆಡ್‌ಫೋನು ಕುರ್ಚಿಯನ್ನು ಕೆಡವಿ ಓಡಿಬಂದ. ಅಳಿದುಳಿದವರೂ ಬಂದರು. ಖಾತೆ ಯಾಕೆ ತೆರೆದಿದೆ, ಇವನು ಅಲ್ಲಿ ಯಾಕೆ ಕೂತಿದ್ದಾನೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಒತ್ತು, ಒತ್ತು, ಬೇಗ ಒತ್ತು ಎಂದು ಕಿವಿಯ ಪಕ್ಕದಲ್ಲಿ ಹಲವು ಬಾಯಿಗಳು. ಹೂಂರಾಯ ಹೆಬ್ಬೆಟ್ಟಿನ ಚಿತ್ರದ ಮೇಲೆ ಬೆರಳಿಟ್ಟ. ಇಟ್ಟವನು ಒತ್ತಲಿಲ್ಲ.

"ಏನು ನೋಡ್ತಿದೀಯ?" ಎಂದ ಹೆಡ್‌ಫೋನು.

"ಓದ್ತಿದೀನಿ."

"ಓದೋಕೆ ಏನಿದೆ ಅದ್ರಲ್ಲಿ? ಒತ್ತು ಮಾರಾಯ."

"ಈ ಸಾಲು ನಂಗೆ ಅರ್ಥ ಆಗ್ಲಿಲ್ಲ."

ಆ ಮಾತು ಹೊರಬಿದ್ದ ಮೇಲೆ ಅವನಿಗೇ ಗಾಬರಿಯಾಯಿತು. ಹುಟ್ಟಿದ ಮೇಲೆ ಆಡಿರದ ಮಾತು. ಹೆಡ್‌ಫೋನು ಹಲ್ಲು ಕಚ್ಚಿ, ಎಳೆಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಮುಂಚೆ ಏನಿತ್ತು? ಹೊರಗಿರುವವರು ಮನೆ ಖಾಲಿ ಮಾಡಿದವರು ಎಂದಿತ್ತು. ಅದು ತಪ್ಪು ತಾನೆ? ಈಗ ಅದನ್ನು ತಿರುಗಿಸಿದ್ದೇನೆ. ಹೊರಗಿರುವವರು ಖಾಲಿ ಮಾಡಿದವರಲ್ಲ. ಗೊತ್ತಾಯಿತಾ?

ಎಲ್ಲರೂ ಅವನ ಹೂಂಗಾಗಿ ಕಾದರು.

"ಇಲ್ಲ," ಎಂದ ಹೂಂರಾಯ. "ಹಂಗಾದ್ರೆ ಒಳಗಿರೋರು?"

"ಒಳಗಿರೋರಾ? ಅವರು ಹೊರಗಿರೋರಲ್ವಲ್ಲ. ಅದಕ್ಕೆ ಅವರು..." ಹೆಡ್‌ಫೋನಿನ ಬಾಯಿ ತೆರೆದಂತೆಯೇ ನಿಂತಿತು. ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಅವರು ಖಾಲಿ ಮಾಡಿದವರು," ಎಂದು ಪಿಸುಗುಟ್ಟಿದ.

ಒತ್ತಿದ್ದರೆ ಹೊರಗಿದ್ದವರೆಲ್ಲ ಖುಷಿಯಾಗಿ ಒಳಗೆ ಬರುತ್ತಿದ್ದರು, ಬಂದ ಕ್ಷಣವೇ ಖಾಲಿ ಮಾಡಿದವರಾಗುತ್ತಿದ್ದರು. ಊರಿನ ಒಂದೊಂದು ಕಟ್ಟಡದ ಲಿಫ್ಟಿನಲ್ಲಿ, ಮನೆ ಬಾಗಿಲಲ್ಲಿ, ಒಳಗೆ ಕೂತ ಪ್ರತಿಯೊಬ್ಬರಿಗೂ ಹೆಣ್ಣುದನಿ ಶುಭ ಕೋರುತ್ತಿತ್ತು. ಹೆಡ್‌ಫೋನು ಅಲ್ಲೇ ನಿಂತುಕೊಂಡು ಸಾಲನ್ನು ಅಳಿಸಿ, ಮನೆಯವರು ತಾವಾಗಿ ಬರೆದುಕೊಟ್ಟರೆ ಮಾತ್ರ ಖಾಲಿ ಎಂದು ಬರೆದ. ಮೇಲಿನಿಂದ ಕೆಳಕ್ಕೆ ಹೂಂರಾಯನಿಗೆ ಅದನ್ನು ಓದಿ ಹೇಳಿದ. ಒಳಗಿರೋರು? ಏನೂ ಆಗಲ್ಲ. ಹೊರಗಿರೋರು? ಏನೂ ಆಗಲ್ಲ. ದಾರ ತರೋಕೆ ಹೋದೋರು? ಅವರಿಗೂ ಏನೂ ಆಗಲ್ಲಪ್ಪ.

ಹೂಂರಾಯ ಗಾಜಿನ ಕಡೆ ನೋಡಲಿಲ್ಲ. ನೋಡಿದರೆ ಒತ್ತಲು ಕೈ ಬರುವುದಿಲ್ಲ ಎಂದು ಗೊತ್ತಿತ್ತು. ಒತ್ತಿದ.

ಪಂಜರ ಸುತ್ತಿತು. ಬೀದಿಯಲ್ಲಿದ್ದವರು ಹೋ ಎಂದರು. ಮೊದಲು ಒಳಗೆ ಬಂದವರು ಮೇಡಂ, ಅವರ ಹಿಂದೆ ಅಕ್ಕ, ಅವಳ ಹಿಂದೆ ಮಾರಾಟದ ಮ್ಯಾನೇಜರು. ಮ್ಯಾನೇಜರು, ನಮ್ಮ ಬಾಗಿಲು ನೋಡಿ ಮೇಡಂ, ಎಷ್ಟು ಸಲೀಸಾಗಿ ಎಂದು ಶುರುಮಾಡಿ, ಯಾರೂ ಕೇಳದ್ದನ್ನು ಕಂಡು ನಿಲ್ಲಿಸಿದರು. ಮೇಡಂ ನೇರವಾಗಿ ಕೊನೆಯ ಸಾಲಿಗೆ ನಡೆದು ಪರದೆ ನೋಡಿದರು. ಅಲ್ಲಿ ಎರಡು ಕಡೆ ಅಕ್ಕನ ಹೆಸರಿತ್ತು. ಅವರು ಮಾತಾಡಿದಾಗ ಎಲ್ಲರೂ ಮುಂದಕ್ಕೆ ಬಾಗಬೇಕಾಯಿತು.

"ಇವಳು ನನ್ನ ಜೊತೆ ಹೊರಗಿದ್ಲು. ಇದನ್ನ ಒತ್ತಿದ್ದು ಯಾರು?"

"ನಾನು," ಎಂದ ಹೂಂರಾಯ.

"ಅದಕ್ಕೆ ಮುಂಚಿನದು?"

"ಅದೂ ನಾನೇ."

"ಮುಂಚಿನದನ್ನ ಓದಿದ್ಯಾ?"

"ಇಲ್ಲ ಮೇಡಂ."

"ಇದನ್ನ?"

"ಓದಿದೆ. ಅರ್ಥ ಆಗ್ಲಿಲ್ಲ."

"ಅರ್ಥ ಆಗದೆ ಯಾಕೆ ಒತ್ತಿದೆ?"

ಅವನು ಹೆಡ್‌ಫೋನಿನ ಕಡೆ ಕೈ ತೋರಿಸಿದ. "ಅವರಿಗೆ ಅರ್ಥ ಆದ್ಮೇಲೆ ಒತ್ತಿದೆ."

ಹೆಡ್‌ಫೋನು ಕೊರಳಲ್ಲಿದ್ದದ್ದನ್ನು ಕಿವಿಗೆ ಏರಿಸಿಕೊಳ್ಳಲು ನೋಡಿದ. ಮೇಡಂ ಕಣ್ಣಲ್ಲೇ ತಡೆದರು. ಅಷ್ಟರಲ್ಲಿ ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಅವನ ಕಡೆ ನೋಡಲಿಲ್ಲ. "ಖಾತೆ ತೆಗೆದುಕೊಟ್ಟಿದ್ದು ನಾನು ಮೇಡಂ. ಅವನು ಕೇಳಿರಲಿಲ್ಲ," ಎಂದಳು.

ಗಾಜಿನ ಆಚೆ, ಕಾವಲುಗಾರ ಹೊರಗೆ ಹಾಕಿಕೊಟ್ಟ ಸ್ಟೂಲಿನ ಮೇಲೆ ಟವೆಲಿನವನು ಕೂತಿದ್ದ. ಅವನಿಗೆ ಯಾರೋ ನೀರು ಕೊಟ್ಟರು. ಆಮೇಲೆ ಮೇಡಂ, ಕೇಳಿಸಿಯೂ ಕೇಳಿಸದಂತೆ, ತೀರ್ಪು ಹೇಳಿದರು. ಕಾಫಿ ಅಂಗಡಿಯಲ್ಲಿ ಆಡಿದ ಮಾತು ಸದ್ಯಕ್ಕೆ ರದ್ದು. ಖಾತೆ ಕೊಟ್ಟ ತಪ್ಪಿಗೆ ಖಾಯಂ ಮಾಡುವುದು ಮೂರು ತಿಂಗಳು ಮುಂದಕ್ಕೆ. ಕೆಲಸದಿಂದ ತೆಗೆಯುವುದಕ್ಕೂ ಎರಡು ಹೆಬ್ಬೆಟ್ಟು ಬೇಕು, ಅದರಲ್ಲಿ ಒಂದು ತನ್ನದು, ಅದನ್ನು ತಾನು ಒತ್ತುವುದಿಲ್ಲ. ಓದದೆ ಒತ್ತಿದವರನ್ನೆಲ್ಲ ತೆಗೆಯುತ್ತ ಹೋದರೆ ಕಚೇರಿಯೇ ಖಾಲಿಯಾಗುತ್ತದೆ. ಆಗ ಮಾತ್ರ ಬಾಗಿಲು ಹೇಳಿದ್ದು ನಿಜವಾಗುತ್ತದೆ. ಹೂಂರಾಯನ ನೆರಳು ವಾರದ ಕಾಗದಕ್ಕೆ ಅಲ್ಲೇ ಸಹಿ ಹಾಕಿ ಕೊಟ್ಟರು. ಇನ್ನು ಮುಂದೆ ನೆರಳುಗಳಿಗೆ ಕುರ್ಚಿ ಕೊಡಬೇಡಿ ಎಂದು ಹೇಳಿ ಮೇಲೆ ಹೋದರು.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅಕ್ಕ ಅವನ ಪಕ್ಕ ಕೂರದೆ, ಮುಂದಿನ ಕಂಬ ಹಿಡಿದು ನಿಂತೇ ಬಂದಳು. ಅವನು ಅವಳ ಬೆನ್ನು ನೋಡುತ್ತ ಕೂತ. ಬೆನ್ನಿಗೂ ಸಿಟ್ಟು ಬರುತ್ತದೆ ಎಂಬುದು ಅವನಿಗೆ ಅಂದು ತಿಳಿಯಿತು.

ಕಟ್ಟಡದ ಗೇಟಿನ ಮುಂದೆ ಜಾತ್ರೆಯಂತೆ ಜನ. ಪಂಜರ ಸರಿಹೋಗಿತ್ತು, ಆದರೆ ಒಳಗಿದ್ದವರು ಹೊರಗೆ ಬರಲೊಲ್ಲರು. ಮಾರ್ಗ ಸುರಕ್ಷಿತ ಎಂದು ತೋರಿಸಲು ಕಾರ್ಯದರ್ಶಿಗಳು ಸೀಟಿ ಊದುತ್ತ ಒಳಗೆ ಹೊರಗೆ ಓಡಾಡುತ್ತಿದ್ದರು. ದಾರದ ಉಂಡೆ ಕೈಯಲ್ಲಿ ಹಿಡಿದು ಅಮ್ಮ ಹೊರಗೇ ಕಾದಿದ್ದಳು. ಒಲೆ ಆರಿಸಿಯೇ ಹೋಗಿದ್ದಳಂತೆ. ಸುತ್ತ ನೆರೆಯ ಹೆಂಗಸರು. ಅಕ್ಕನನ್ನು ಕಂಡದ್ದೇ ಎಲ್ಲರೂ ಕವಿದುಕೊಂಡರು. ಖಾಯಂ ಆಯಿತಂತಲ್ಲ, ಇನ್ನೇನು, ಮುಂದಿನದು ಮದುವೆ ಎಂದು ಒಬ್ಬೊಬ್ಬರೂ ಒಂದೊಂದು ಮಾತು. ಅಕ್ಕ ಚೀಲದ ಜಿಪ್ಪು ತೆರೆದು ಮುಚ್ಚಿದಳು. ಅದನ್ನು ಕಂಡು ಅಮ್ಮ ಮಗನ ಕಡೆ ತಿರುಗಿದಳು.

"ಖಾಯಂ ಆಯ್ತಲ್ವೇನೋ?"

ಎಲ್ಲರೂ ಅವನನ್ನೇ ನೋಡಿದರು. ಇಡೀ ಜೀವಮಾನದ ಅಭ್ಯಾಸ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಇಲ್ಲಮ್ಮ," ಎಂದ. "ಮೂರು ತಿಂಗಳು ಮುಂದಕ್ಕೆ ಹೋಯ್ತು. ನನ್ನಿಂದ."

ಕಾರ್ಯದರ್ಶಿಗಳು ಸೀಟಿಯನ್ನು ಬಾಯಿಂದ ತೆಗೆದರು. "ಗೇಟು ಮುಚ್ಚಿದ್ದೂ ನೀನೇನಾ?"

"ಹೌದು ಅಂಕಲ್."

"ತೆಗೆದಿದ್ದು?"

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಅದೂ ಅವನೇ. ಹೋಗ್ಲಿ ಬಿಡಿ ಅಂಕಲ್."

ಬಯ್ಯಬೇಕೋ ಹೊಗಳಬೇಕೋ ತಿಳಿಯದೆ ಕಾರ್ಯದರ್ಶಿಗಳು ಒಮ್ಮೆ ಸಣ್ಣಗೆ ಸೀಟಿ ಊದಿದರು. ಅಮ್ಮ ದಾರದ ಉಂಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ಮೂರೇ ತಿಂಗಳು ತಾನೆ ಎಂದು ನೆರೆಯವರಿಗೆ ಹೇಳಿದಳು, ತನಗೆ ಹೇಳಿಕೊಂಡ ಹಾಗೆ. ಹೂಂರಾಯ ಪಕ್ಕಕ್ಕೆ ಸರಿದು ಅಕ್ಕನಿಗೆ ದಾರಿ ಬಿಟ್ಟ. ಅವಳು ಪಂಜರದ ಬಾಯಿಯವರೆಗೆ ಹೋದವಳು ನಿಂತು, ತಿರುಗಿ, ಕಚೇರಿ ಬಿಟ್ಟ ಮೇಲೆ ಮೊದಲ ಸಲ ಅವನ ಮುಖ ನೋಡಿದಳು.

"ಎರಡು ಕೈನೂ ಜೇಬಲ್ಲಿ ಇಟ್ಕೋ," ಎಂದಳು. "ಇಟ್ಕೊಂಡು, ಮೊದಲು ನೀನು ನಡಿ. ನಿನ್ನನ್ನ ಹೊರಗೆ ಬಿಟ್ಟು ನಾನೊಬ್ಬಳೇ ಒಳಗೆ ಹೋಗಲ್ಲ."